ರಕ್ತದ ಗುಳಿಗೆ, ಕೊರಳಿನ ಗುಳಿಗೆ

ಬಾದಾಮಿಯ ಗುಹೆಗಳನ್ನು ನೋಡಲು ಬರುವವರಿಗೆ ಕಥೆ ಹೇಳುವುದು ನನ್ನ ಕೆಲಸ. ಹೆಸರು ಮೌಲಾಸಾಬ. ಕನ್ನಡ, ಹಿಂದಿ, ಮರಾಠಿ, ಹೊಟ್ಟೆಪಾಡಿಗೆ ಸಾಲುವಷ್ಟು ಇಂಗ್ಲಿಷ್ ಇಟ್ಟುಕೊಂಡು ಹದಿನೆಂಟು ಕೈಯ ನಟರಾಜನನ್ನೂ, ಶೇಷನ ಮೇಲೆ ಕುಳಿತ ವಿಷ್ಣುವನ್ನೂ, ಮೇಲಿನ ಗುಹೆಯ ತೀರ್ಥಂಕರರನ್ನೂ ಜನರಿಗೆ ತೋರಿಸುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ‘ಸಾಬರಾಗಿ ನೀವು ಇದನ್ನೆಲ್ಲ ಹೇಳ್ತೀರಾ?’ ಎಂದು ದಕ್ಷಿಣದ ಕಡೆಯವರು ಯಾರಾದರೂ ಕೇಳುವುದುಂಟು. ‘ಈ ಗುಡ್ಡದ ಬುಡದಾಗ ಹುಟ್ಟೇನ್ರಿ, ಇದನ್ನ ಬಿಟ್ಟು ಬ್ಯಾರೆ ಏನ್ ಹೇಳ್ಲಿ?’ ಎನ್ನುತ್ತೇನೆ. ನಗುತ್ತಾರೆ, ನನ್ನ ಹಿಂದೆ ಮೆಟ್ಟಿಲು ಹತ್ತುತ್ತಾರೆ.

ಈ ಕೆಲಸಕ್ಕೆ ಕಾಲು ಬೇಕು, ನೆನಪು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದನಿ ಬೇಕು. ಕೆಲವು ವರ್ಷಗಳ ಹಿಂದೆ ಈ ಮೂರೂ ಒಂದೊಂದಾಗಿ ನನ್ನನ್ನು ಬಿಟ್ಟುಹೋಗತೊಡಗಿದವು. ಅವು ಮರಳಿ ಬರುವ ಹೊತ್ತಿಗೆ ನಾನು ಸಾವಿನ ಬಾಗಿಲವರೆಗೆ ಹೋಗಿ ಬಂದಿದ್ದೆ. ನನ್ನ ಹಾಗೆ ಒಂದಕ್ಕಿಂತ ಹೆಚ್ಚು ಬಗೆಯ ಗುಳಿಗೆ ನುಂಗುತ್ತ, ಯಾರನ್ನು ಏನು ಕೇಳಬೇಕೋ ತಿಳಿಯದೆ ಕುಳಿತಿರುವವರು ನಮ್ಮ ಕಡೆ ಬಹಳ ಜನರಿದ್ದಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎದೆಯ ವಿಷಯ ಹೇಳಬೇಕು. ಸಣ್ಣವನಿದ್ದಾಗ ನನಗೆ ಕೀಲುಗಳು ಬಾತುಕೊಳ್ಳುವ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಯಿತು. ಅದು ಗೊತ್ತಾದದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ಮೆಟ್ಟಿಲು ಹತ್ತುವಾಗ ಉಸಿರು ಸಿಗದೆ ಕುಸಿದು ಕುಳಿತಾಗ. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಲೋಹದ ಕವಾಟ ಹಾಕಿದರು. ಆ ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದೆಂದು ರಕ್ತ ತೆಳುವಾಗಿಡುವ ಗುಳಿಗೆಯನ್ನು ದಿನಾ ಸಂಜೆ, ಬದುಕಿರುವವರೆಗೂ ನುಂಗಬೇಕು. ಆಗಾಗ ಬಾಗಲಕೋಟೆಗೆ ಹೋಗಿ ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಿಸಬೇಕು. ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ಆ ನಡುವಿನ ಸಣ್ಣ ಜಾಗದಲ್ಲಿ ನಾನು ಅನೇಕ ವರ್ಷ ಆರಾಮಾಗಿಯೇ ಇದ್ದೆ.

ಹೆಂಡತಿ ಶಮೀಮಳ ತವರು ಇಳಕಲ್. ಅಲ್ಲಿಯವರಿಗೆಲ್ಲ ಅವಳು ‘ಆಪರೇಷನ್ ಆತು, ಈಗ ಪೂರಾ ಅರಾಮ ಅದಾರ’ ಎಂದಷ್ಟೇ ಹೇಳಿದ್ದಳು. ಜೀವನಪೂರ್ತಿ ಗುಳಿಗೆ ಎಂಬುದನ್ನು ಬಾಯಿ ಬಿಟ್ಟಿರಲಿಲ್ಲ. ಸಂಬಂಧಿಕರ ಮನೆಯಲ್ಲಿ ಉಳಿದರೆ ನಾನು ಹೊರಗೆ ನಲ್ಲಿಯ ಹತ್ತಿರ ಹೋಗಿ ಗುಳಿಗೆ ನುಂಗಿ ಬರುತ್ತಿದ್ದೆ. ‘ನಮಗ ಒಬ್ಬಾಕಿ ಮಗಳದಾಳ್ರಿ,’ ಎನ್ನುತ್ತಿದ್ದಳು ಶಮೀಮ. ‘ಜಡ್ಡಿನವರ ಮನಿ ಅಂತ ಒಮ್ಮೆ ಹೆಸರು ಬಿತ್ತಂದ್ರ ಮುಗೀತು.’ ನನಗೂ ಅದು ತಪ್ಪೆನಿಸಿರಲಿಲ್ಲ.

ಹೊಸ ಕಾಯಿಲೆ ಸದ್ದಿಲ್ಲದೆ ಬಂತು. ಮೊದಲು ಚಳಿ. ಬಾದಾಮಿಯ ಬೇಸಿಗೆಯಲ್ಲಿ ಕೆಂಪು ಬಂಡೆಗಳು ಕಾದ ಹಂಚಿನಂತಾಗಿ ಮಂಗಗಳು ಕೂಡ ನೆರಳು ಬಿಟ್ಟು ಬರುವುದಿಲ್ಲ. ನಾನು ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿರುತ್ತಿದ್ದೆ. ನನ್ನ ಜೊತೆಯ ಗೈಡ್ ಬೀರಪ್ಪ, ತುಳಸಿಗೇರಿ ಕಡೆಯವನು, ಕುರಿ ಸಾಕುವ ಮನೆತನದಿಂದ ಬಂದವನು, ನಗುತ್ತಿದ್ದ.

‘ಲೇ ಮೌಲಾ, ನಮ್ಮ ಕುರಿನೂ ಈ ಬಿಸಲಾಗ ಉಣ್ಣಿ ಕತ್ತರಿಸ್ರಿ ಅಂತಾವ. ನೀ ಏನೋ ಉಣ್ಣಿ ಹಾಕ್ಕೊಂಡ ನಿಂತಿ!’

ನಾನೂ ನಕ್ಕೆ. ಆದರೆ ನಗು ತಡವಾಗಿ ಬಂತು. ಎಲ್ಲವೂ ತಡವಾಗಿ ಬರುತ್ತಿತ್ತು ಆಗ. ಯಾರಾದರೂ ಪ್ರಶ್ನೆ ಕೇಳಿದರೆ ಅದು ಒಳಗೆ ಇಳಿಯಲು ಒಂದಿಷ್ಟು ಹೊತ್ತು, ಉತ್ತರ ಏರಿ ಬರಲು ಇನ್ನೊಂದಿಷ್ಟು ಹೊತ್ತು. ಮುಖ ಬಾತುಕೊಂಡಿತು. ಹುಬ್ಬಿನ ಕೂದಲು ಉದುರಿದವು. ಕಾಲಿನ ಮೀನಖಂಡಗಳು ಹಿಡಿದುಕೊಳ್ಳುತ್ತಿದ್ದವು. ಆಮೇಲೆ ದನಿ ಕೆಟ್ಟಿತು. ಗುಹೆಯ ಒಳಗೆ ನಿಂತು ಒಂದು ಮಾತು ಆಡಿದರೆ ಹೊರಗಿನ ಜಗಲಿಯವರಿಗೂ ಕೇಳುವಂಥ ದನಿ ನನ್ನದು. ಅದು ಒಡೆದ ಗಡಿಗೆಯ ಸದ್ದಿನಂತಾಯಿತು. ‘ಜೋರಾಗಿ ಹೇಳಿ, ಕೇಳಿಸ್ತಿಲ್ಲ’ ಎಂದು ಜನ ಹೇಳತೊಡಗಿದರು.

ಎದೆಯೇ ಸೋತಿರಬೇಕು ಎಂದು ನಮಗೆಲ್ಲ ಭಯ. ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಕವಾಟ ಚೆನ್ನಾಗಿಯೇ ಇತ್ತು. ಆದರೆ ರಕ್ತ ಬೇಕಾದಷ್ಟು ತೆಳುವಾಗಿರಲಿಲ್ಲ. ಡಾಕ್ಟರು ಗುಳಿಗೆಯನ್ನು ಸ್ವಲ್ಪ ಏರಿಸಿದರು. ಮುಂದಿನ ಸಲವೂ ಸಾಲಲಿಲ್ಲ, ಮತ್ತೆ ಏರಿಸಿದರು.

‘ಸೊಪ್ಪು ಭಾಳ ತಿಂತೀರೇನ್ರಿ?’ ಎಂದು ಕೇಳಿದರು. ಹಸಿರು ಸೊಪ್ಪು ಹೆಚ್ಚಾದರೆ ಆ ಗುಳಿಗೆಯ ಬಲ ಕುಗ್ಗುತ್ತದೆ. ಶಮೀಮ ಅಂದಿನಿಂದ ರೊಟ್ಟಿಯ ಜೊತೆ ಹಸಿ ಮೆಂತ್ಯೆ ಕೊಡುವುದನ್ನೇ ನಿಲ್ಲಿಸಿದಳು. ಆದರೂ ಮೂರನೆಯ ಸಲ ಗುಳಿಗೆ ಏರಿತು. ಅದೇಕೆ ಹೀಗೆ ಏರುತ್ತಲೇ ಇದೆ ಎಂದು ಕೇಳಬೇಕೆಂಬ ಚುರುಕು ಆಗ ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಒಂದು ದಿನ ಮಹಾರಾಷ್ಟ್ರದಿಂದ ಬಂದ ದೊಡ್ಡ ಗುಂಪನ್ನು ಎರಡನೆಯ ಗುಹೆಗೆ ಕರೆದುಕೊಂಡು ಹೋದೆ. ಭೂದೇವಿಯನ್ನು ಎತ್ತಿ ಹಿಡಿದ ವರಾಹನ ಮುಂದೆ ನಿಂತು ಕೈ ತೋರಿಸಿದೆ. ಹೆಸರು ಬರಲಿಲ್ಲ. ‘ಇದು...’ ಎಂದೆ. ಮತ್ತೆ ‘ಇದು...’ ಎಂದೆ. ದಿನಾ ನೋಡುವ ಮೂರ್ತಿ. ಬಾಯಿ ತೆರೆದೇ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಮೆಲ್ಲಗೆ ‘ವರಾಹ’ ಎಂದಳು, ನನಗೆ ಪಾಠ ಒಪ್ಪಿಸಲು ನೆರವಾಗುವವಳಂತೆ. ಆ ಗುಂಪಿನ ಉಳಿದ ಕೆಲಸವನ್ನು ಬೀರಪ್ಪ ಮಾಡಿದ. ನಾನು ಅಗಸ್ತ್ಯತೀರ್ಥ ಕೆರೆಯ ದಂಡೆಗೆ ಇಳಿದು ಬಟ್ಟೆ ಒಗೆಯುವವರ ಸದ್ದು ಕೇಳುತ್ತ ಕುಳಿತೆ. ಇನ್ನು ಈ ಕೆಲಸ ಆಗದು ಎಂದು ಮನಸ್ಸು ಹೇಳುತ್ತಿತ್ತು. ಏನಾಗಿದೆ ಎಂದು ತಿಳಿಯುವವರೆಗೆ ಬಿಡಬಾರದು ಎಂದು ಅದೇ ಮನಸ್ಸು ಹಟವನ್ನೂ ಹಿಡಿದಿತ್ತು.

ಮರುದಿನ ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ನನ್ನ ಮಾತು ಕೇಳುತ್ತಿದ್ದಂತೆ ಅವರು ಪೆನ್ನು ಕೆಳಗಿಟ್ಟು ಕುತ್ತಿಗೆ ಮುಟ್ಟಿ ನೋಡಿದರು. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ರಕ್ತ ಪರೀಕ್ಷೆಗೆ ಬರೆದರು. ವರದಿ ಬಂದಾಗ, ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿ ಬಹುಮಟ್ಟಿಗೆ ಕೆಲಸ ನಿಲ್ಲಿಸಿದೆ ಎಂದರು. ಬಾಗಲಕೋಟೆಯಲ್ಲಿ ಅದಕ್ಕೇ ಇರುವ ಡಾಕ್ಟರಲ್ಲಿಗೆ ಕಳಿಸಿದರು.

ಆ ದವಾಖಾನೆಯ ಕಾಯುವ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಬೆಂಚುಗಳ ತುಂಬ ಹೆಣ್ಣುಮಕ್ಕಳು. ಗಂಡಸರಿದ್ದರೂ ಅವರು ಜೊತೆಗೆ ಬಂದವರು, ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದವರು. ಹೆಸರು ಬರೆದುಕೊಳ್ಳುವ ನರ್ಸ್ ತಲೆ ಎತ್ತದೆ ಕೇಳಿದಳು, ‘ಪೇಷಂಟ್ ಎಲ್ಲಿ ಅದಾರ್ರಿ? ಕರೀರಿ.’

‘ನಾನ ಪೇಷಂಟ್ ರೀ.’

ಅವಳು ಆಗ ತಲೆ ಎತ್ತಿದಳು. ಬೆಂಚಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಶಮೀಮ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ನೆಲ ನೋಡಿದಳು. ಅವಳ ಪಕ್ಕದಲ್ಲಿದ್ದ ಹಣ್ಣುಗೂದಲಿನ ಅಜ್ಜಿ ಮಾತ್ರ ಸರಿದು ಜಾಗ ಮಾಡಿದಳು. ‘ಬಾ ಯಪ್ಪಾ, ಕುಂದ್ರು. ಕೊರಳು ಅಂದ್ರ ಎಲ್ಲಾರಿಗೂ ಇರೂದ. ನಿನಗೂ ಕಾಲಾಗ ಬಾವು ಬರ್ತೈತೇನು?’ ಎಂದಳು. ಬರುತ್ತದೆ ಎಂದೆ. ‘ಮುಂಜಾನೆ ಏಳಾಕ ಆಗೂದಿಲ್ಲ ಹೌದಿಲ್ಲೋ? ಯಾರರ ಮೈಮ್ಯಾಲ ಕಲ್ಲ ಇಟ್ಟಂಗ.’ ಹೌದು ಎಂದೆ. ಅಷ್ಟು ತಿಂಗಳಲ್ಲಿ ನನ್ನ ಮೈಯ ಕಷ್ಟವನ್ನು ನಾನು ಹೇಳುವ ಮೊದಲೇ ಹೇಳಿದವಳು ಅವಳೊಬ್ಬಳೇ. ಹೆಸರು ಕೇಳದೆ ಬಂದುಬಿಟ್ಟೆ.

ಡಾಕ್ಟರು ಒಳ್ಳೆಯವರೇ. ಎದೆಯ ಆಪರೇಷನ್ ಆಗಿದೆ ಎಂದು ತಿಳಿದು, ಬಹಳ ಸಣ್ಣ ಪ್ರಮಾಣದಿಂದ ಗುಳಿಗೆ ಶುರು ಮಾಡಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಡನೆ ನುಂಗಿ, ಆಮೇಲೆ ಸ್ವಲ್ಪ ಹೊತ್ತು ಚಹಾ ಕೂಡ ಕುಡಿಯಬಾರದು ಎಂದರು. ‘ಎದಿ ಗುಳಿಗಿ ಹ್ಯಾಂಗ ಮಾಡ್ಲಿರಿ?’ ಎಂದು ಕೇಳಿದೆ. ‘ಅವು ಇದ್ದಂಗ ನಡೀಲಿ’ ಎಂದರು. ಹೊರಗೆ ಬಹಳ ಜನ ಕಾಯುತ್ತಿದ್ದರು. ಎದೆಯವರು ಎದೆ ನೋಡಿದರು, ಕೊರಳಿನವರು ಕೊರಳು ನೋಡಿದರು. ಎರಡೂ ಒಂದೇ ಮೈಯಲ್ಲಿವೆ ಎಂಬುದು ಆ ದಿನ ಯಾರ ಮಾತಿನಲ್ಲೂ ಬರಲಿಲ್ಲ.

ಊರಿಗೆ ಹೋಗುವ ರೈಲಿನಲ್ಲಿ ಶಮೀಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, ‘ಇದನ್ನರ ಯಾರ ಮುಂದೂ ಹೇಳಬ್ಯಾಡ್ರಿ. ಹೆಣ್ಮಕ್ಕಳ ಜಡ್ಡು ಅಂತ ನಗತಾರ.’

ಗುಳಿಗೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಚಳಿ ಬಿಟ್ಟಿತು. ಡಾಕ್ಟರು ಪ್ರಮಾಣ ಏರಿಸಿದರು. ಮುಖದ ಬಾವು ಇಳಿಯಿತು. ಒಂದು ಬೆಳಿಗ್ಗೆ ಮಗಳು ಆಯೇಷಾಳನ್ನು ಕೂಗಿ ಕರೆದೆ. ಅವಳು ಬಾಗಲಕೋಟೆಯಲ್ಲಿ ಬಿ.ಎಡ್. ಓದುತ್ತಾಳೆ, ರಜೆಗೆಂದು ಬಂದಿದ್ದಳು. ಅಡುಗೆಮನೆಯಿಂದ ಓಡಿ ಬಂದು ‘ಅಬ್ಬಾ, ಇನ್ನೊಮ್ಮೆ ಕರೀರಿ’ ಎಂದಳು. ಕರೆದೆ. ಅವಳ ಕಣ್ಣು ತುಂಬಿಕೊಂಡವು. ಆ ದಿನ ನಾನು ಸ್ವೆಟರ್ ಮನೆಯಲ್ಲೇ ಬಿಟ್ಟು ಗುಡ್ಡಕ್ಕೆ ಹೋದೆ, ನಾಲ್ಕೂ ಗುಹೆ ಹತ್ತಿ ಇಳಿದೆ.

ಆಮೇಲೆ ತೊಡೆಯ ಮೇಲೆ ನೀಲಿ ಕಲೆ ಕಾಣಿಸಿತು. ಎಲ್ಲೋ ತಾಗಿರಬೇಕು ಎಂದುಕೊಂಡೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ರಕ್ತದ ಗುಳಿಗೆ ನುಂಗುವವರಿಗೆ ಇದು ಹೊಸತಲ್ಲ. ಹಿಂದೆಯೂ ಒಮ್ಮೊಮ್ಮೆ ಆಗಿತ್ತು. ಮುಂದಿನ ಪರೀಕ್ಷೆಯ ಹೊತ್ತಿಗೆ ಹೇಳಿದರಾಯಿತು ಎಂದು ದಿನ ತಳ್ಳಿದೆ. ಮೈಯಲ್ಲಿ ಬಲ ಬಂದಿತ್ತು. ಬಲ ಬಂದವನಿಗೆ ಭಯ ಬೇಗ ಹುಟ್ಟುವುದಿಲ್ಲ.

ಶಾಲೆಯ ಮಕ್ಕಳ ಗುಂಪೊಂದು ಬಂದಿತ್ತು. ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಕಂಬದ ಮೇಲಿನ ಗಂಡ ಹೆಂಡಿರ ಮೂರ್ತಿ ತೋರಿಸುತ್ತಿದ್ದೆ. ಮೂಗಿನಿಂದ ಬೆಚ್ಚಗೆ ಏನೋ ಇಳಿಯಿತು. ಒರೆಸಿಕೊಂಡೆ. ಕೈ ಕೆಂಪಾಯಿತು. ಕರವಸ್ತ್ರ ಒತ್ತಿ ಹಿಡಿದೆ, ಅದು ತೊಯ್ದು ತೊಟ್ಟಿಕ್ಕತೊಡಗಿತು. ಮಕ್ಕಳು ಕಿರುಚಿದರು. ಅವರ ಟೀಚರ್ ತಮ್ಮ ದುಪ್ಪಟ್ಟಾ ಮಡಿಚಿ ಕೊಟ್ಟರು. ಅದೂ ತೊಯ್ದಿತು. ಬೀರಪ್ಪ ಕೆಳಗಿನಿಂದ ಓಡಿ ಬಂದ. ನನ್ನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಇಳಿಸುವಾಗ ಒಂದೇ ಸಮನೆ ಬೈಯುತ್ತಿದ್ದ.

‘ತಲಿ ಮ್ಯಾಲೆತ್ತಬ್ಯಾಡಲೇ, ಮುಂದ ಬಾಗು. ರಗತ ನುಂಗಬ್ಯಾಡ, ಉಗುಳು. ಮಾತಾಡಬ್ಯಾಡಲೇ, ಹೇಳಿದ್ದ ಕೇಳು!’

ಊರಿನ ದವಾಖಾನೆಯಲ್ಲಿ ಮೂಗಿಗೆ ಹತ್ತಿ ತುರುಕಿ, ಬಾಗಲಕೋಟೆಗೆ ತಕ್ಷಣ ಹೋಗಿ ಎಂದರು. ಆಂಬುಲೆನ್ಸಿನಲ್ಲಿ ಒಂದು ಕಡೆ ಬೀರಪ್ಪ, ಇನ್ನೊಂದು ಕಡೆ ಶಮೀಮ. ಅವಳು ನನ್ನ ಕಾಲಿನ ಹೆಬ್ಬೆರಳನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹತ್ತಿ ತೊಯ್ದು ರಕ್ತ ಗಂಟಲಿಗೆ ಇಳಿಯುತ್ತಿತ್ತು. ಆಯೇಷಾ ಕಾಲೇಜಿನಿಂದ ಸೀದಾ ದವಾಖಾನೆಗೆ ಬಂದಿರುತ್ತಾಳೆ, ಈ ಅಂಗಿ ನೋಡಿ ಹೆದರುತ್ತಾಳೆ ಎಂಬ ಒಂದೇ ಯೋಚನೆ ನನಗೆ. ಶಮೀಮಳಿಗೆ ಸನ್ನೆ ಮಾಡಿ ಶಾಲು ಹೊದಿಸಿಕೊಂಡೆ.

ಅಲ್ಲಿ ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರಕ್ತದ ಪರೀಕ್ಷೆ ಬಂದಾಗ ಅವರ ಮುಖ ಬಿಗಿಯಿತು. ರಕ್ತ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ತೆಳುವಾಗಿತ್ತು. ಅವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕುಳಿತರು.

‘ಹೊಸಾ ಗುಳಿಗಿ ಏನರ ಶುರು ಮಾಡ್ಯಾರೇನ್ರಿ? ನೋವಿನ ಗುಳಿಗಿ? ಜ್ವರದ್ದು? ನಾಟಿ ಔಷಧ?’

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಬಿಡಲಿಲ್ಲ. ‘ಯಾವುದ ಇರ್ಲಿ. ದಿನಾ ನುಂಗೂವು ಎಲ್ಲಾ ಹೇಳ್ರಿ.’

ಶಮೀಮ ನನ್ನ ಮುಖ ನೋಡಿದಳು. ವಾರ್ಡಿನಲ್ಲಿ ಪರದೆ ಕೂಡ ಇರಲಿಲ್ಲ. ಅವಳು ಬಗ್ಗಿ ಡಾಕ್ಟರಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು, ‘ಥೈರಾಯ್ಡ್ ಗುಳಿಗಿ ಶುರು ಆಗೇತ್ರಿ.’

‘ಯಾವಾಗಿಂದ? ಶುರು ಆದ ಮ್ಯಾಲೆ ರಕ್ತ ತೆಳು ಆಗೂ ಗುಳಿಗಿ ಕಡಿಮಿ ಮಾಡ್ಯಾರ?’

ಇಲ್ಲ. ಅದನ್ನು ಯಾರೂ ಕಡಿಮೆ ಮಾಡಿರಲಿಲ್ಲ.

ಆ ಎರಡು ದಿನ ಡಾಕ್ಟರುಗಳು ಮಾಡಿದ್ದು ಹಗ್ಗದ ಮೇಲಿನ ನಡಿಗೆ. ರಕ್ತವನ್ನು ಒಮ್ಮೆಲೇ ಗಟ್ಟಿಗೊಳಿಸಿದರೆ ಲೋಹದ ಕವಾಟ ಕಟ್ಟಿಕೊಳ್ಳುವ ಭಯ. ಸುಮ್ಮನೆ ಬಿಟ್ಟರೆ ಮೂಗಿನಿಂದ ಬಂದದ್ದು ನಾಳೆ ಮಿದುಳಿನಲ್ಲಿ ಸೋರುವ ಭಯ. ಸ್ವಲ್ಪವೇ ಔಷಧ ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಿದ್ದರು. ತೋಳಿನಲ್ಲಿ ಸೂಜಿ ಚುಚ್ಚಿದಲ್ಲೆಲ್ಲ ನೇರಳೆ ಬಣ್ಣ. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದದ್ದು ವಾರ್ಡಿನ ಬಾಗಿಲು, ಅಲ್ಲಿ ನೆಲದ ಮೇಲೆ ಬೆನ್ನಿಗೆ ಬೆನ್ನು ಆನಿಸಿ ಕುಳಿತ ತಾಯಿ ಮಗಳು. ಬೀರಪ್ಪ ಮನೆಯಿಂದ ಗಂಜಿ ತಂದ. ‘ನಿನ್ನ ಪಾಳಿನೂ ನಾನ ಮಾಡಾಕತ್ತೇನಿ. ಗಿರಾಕಿ ಎಲ್ಲಾ ನನ್ನ ಕಡೆ ಆಗ್ಯಾರ, ಲಗೂನ ಬಾ’ ಎಂದು ಹೇಳಿ, ಹೊರಗೆ ಹೋಗಿ ಕಣ್ಣೊರೆಸಿಕೊಂಡನಂತೆ. ಇದನ್ನು ಆಯೇಷಾ ಆಮೇಲೆ ಹೇಳಿದಳು.

ರಕ್ತ ನಿಂತಿತು. ಕವಾಟವೂ ಕೈಬಿಡಲಿಲ್ಲ.

ನಿಂತ ಮೇಲೆ ಶಮೀಮ ತೀರ್ಮಾನ ಕೊಟ್ಟಳು. ‘ಆ ಕೊರಳಿನ ಗುಳಿಗಿ ತಿಪ್ಪಿಗೆ ಒಗೀರಿ. ಎದಿದು ಎಷ್ಟ ವರ್ಷ ನುಂಗೀರಿ, ಏನಾಗಿತ್ತು? ಈ ದರಿದ್ರದ್ದು ಬಂದ ಮ್ಯಾಲ ಇದೆಲ್ಲಾ ಆತು.’ ಇಳಕಲ್‌ನಿಂದ ಫೋನ್ ಮಾಡಿದ ಅವಳ ತಮ್ಮ ರಫೀಕನೂ ಅದನ್ನೇ ಹೇಳಿದ. ಅವನಿಗೆ ಅವಳು ಹೇಳಿದ್ದು ‘ಯಾವುದೋ ಗುಳಿಗಿ ಹೀಟ್ ಆಗೇತಿ’ ಎಂದು ಮಾತ್ರ.

ನನಗೂ ಆ ಗುಳಿಗೆಯ ಮೇಲೆ ಸಿಟ್ಟಿತ್ತು. ಆದರೆ ವರಾಹನ ಮುಂದೆ ಬಾಯಿ ತೆರೆದು ನಿಂತದ್ದನ್ನು ನಾನು ಮರೆತಿರಲಿಲ್ಲ. ಆ ಕತ್ತಲೆಗೆ ವಾಪಸು ಹೋಗುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಡಾಕ್ಟರಮ್ಮ ಬಂದಾಗ ಎದ್ದು ಕುಳಿತು ಕೇಳಿದೆ, ‘ಮೇಡಂ, ಎರಡೂ ಗುಳಿಗಿ ನನಗ ಬೇಕ್ರಿ. ಎರಡೂ ಒಂದ ಮೈಯಾಗ ಹ್ಯಾಂಗ ಬಾಳೇವು ಮಾಡ್ತಾವ, ನನಗ ತಿಳಿಯೂ ಹಂಗ ಹೇಳ್ರಿ. ತಿಳಕೊಳ್ದ ನಾ ಮನಿಗೆ ಹೋಗೂದಿಲ್ಲ.’

ಅವರು ನಕ್ಕರು. ಶಮೀಮಳನ್ನೂ ಹತ್ತಿರ ಕರೆದರು.

‘ನೋಡ್ರಿ, ಥೈರಾಯ್ಡ್ ಕಡಿಮಿ ಆದಾಗ ಮೈಯಾಗ ಎಲ್ಲಾ ಕೆಲಸ ನಿಧಾನ. ರಕ್ತ ಹೆಪ್ಪುಗಟ್ಟಿಸೂ ವಸ್ತು ಸೈತ ಲಗೂನ ಖರ್ಚಾಗೂದಿಲ್ಲ. ಅದಕ್ಕ ನಿಮ್ಮ ರಕ್ತದ ಗುಳಿಗಿ ಸಾಲ್ತಿರ್ಲಿಲ್ಲ, ಏರಿಸ್ತಾ ಹೋದ್ರು. ಈಗ ಥೈರಾಯ್ಡ್ ಸರಿ ಆಗಾಕತ್ತಿತು, ಆ ವಸ್ತು ಲಗೂನ ಖರ್ಚಾಗಾಕತ್ತಿತು. ಆದ್ರ ಏರಿಸಿದ ಗುಳಿಗಿ ಹಂಗ ಉಳೀತು. ಗುಳಿಗಿ ಎರಡೂ ಕೆಟ್ಟವಲ್ಲ. ಒಂದನ್ನ ಬದಲಿ ಮಾಡಿದಾಗ ಇನ್ನೊಂದನ್ನ ನೋಡಬೇಕಿತ್ತು, ಅಷ್ಟ.’

‘ಹಂಗಂದ್ರ ಕೊರಳಿಂದು ಬಿಟ್ರ?’ ಎಂದಳು ಶಮೀಮ.

‘ಬಿಟ್ರ ಮತ್ತ ನಿಧಾನ ಆಗ್ತಾರ. ಈಗ ಕಡಿಮಿ ಮಾಡಿದ ರಕ್ತದ ಗುಳಿಗಿ ಆಗ ಸಾಲೂದಿಲ್ಲ. ಕವಾಟ ಕಟ್ಟಿಕೊಂಡ್ರ ಇಲ್ಲಿ ತನಕ ಬರಾಕೂ ಟೈಮ್ ಸಿಗೂದಿಲ್ಲರಿ ಅಕ್ಕಾರ.’

ಶಮೀಮ ಆಮೇಲೆ ತಿಪ್ಪೆಯ ಮಾತೆತ್ತಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ರಕ್ತ ಹೋದುದರಿಂದ ಕಬ್ಬಿಣದ ಗುಳಿಗೆಯೂ ಸೇರಿತ್ತು. ಅದಕ್ಕೂ ಕೊರಳಿನ ಗುಳಿಗೆಗೂ ಆಗಿಬರುವುದಿಲ್ಲ. ಒಟ್ಟಿಗೆ ನುಂಗಿದರೆ ಕಬ್ಬಿಣ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ಮೈಗೆ ಹತ್ತಲು ಬಿಡುವುದಿಲ್ಲ. ಸುಣ್ಣದಂಶದ ಗುಳಿಗೆಗೂ, ಎದೆಯುರಿಗೆ ಕುಡಿಯುವ ಔಷಧಕ್ಕೂ ಇದೇ ಮಾತು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕೊರಳಿನದು, ಮಧ್ಯಾಹ್ನ ಊಟದ ಮೇಲೆ ಕಬ್ಬಿಣ, ಸಂಜೆ ರಕ್ತದ್ದು ಎಂದು ಗೊತ್ತು ಮಾಡಿಕೊಂಡೆವು. ಹೇಳುವುದು ಸುಲಭ. ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯುವವರು ಬೇಗ ಬಂದು ಕಾಯುತ್ತಾರೆ. ಗುಡ್ಡದ ಬುಡದಲ್ಲಿ ಎಲ್ಲರೂ ಚಹಾ ಕುಡಿಯುವಾಗ ನಾನೊಬ್ಬನೇ ಬೇಡ ಎನ್ನಬೇಕು. ‘ಯಾಕ, ಸಿಟ್ಟಾಗಿ?’ ಎಂದು ಕೇಳುವವರಿಗೆ ಮೊದಲೆಲ್ಲ ಏನೇನೋ ನೆವ ಹೇಳಿದೆ. ಕೊನೆಗೆ ಸಾಕಾಯಿತು. ‘ಥೈರಾಯ್ಡ್ ಗುಳಿಗಿ ನುಂಗೇನಿ, ಇನ್ನೊಂದ್ ತಾಸು ಚಾ ನಡಿಯಂಗಿಲ್ಲ’ ಎಂದೆ. ಒಬ್ಬ ಆಟೋದವನು ‘ಅದು ಹೆಂಗಸರ್ದಲ್ಲೇನೋ?’ ಎಂದ. ‘ಕೊರಳು ನಿನಗೂ ಐತಿ, ತಪಾಸ ಮಾಡಿಸ್ಕೊ’ ಎಂದು ಬೀರಪ್ಪನೇ ಉತ್ತರ ಕೊಟ್ಟ.

ಬಾಗಲಕೋಟೆಗೆ ಓಡಾಟ ಹೆಚ್ಚಾಯಿತು. ಕೊರಳಿನ ಗುಳಿಗೆ ಒಂದು ಎಳೆ ಬದಲಾದರೂ ರಕ್ತ ನೋಡಿಸಿದೆ. ಒಬ್ಬ ಡಾಕ್ಟರು ಏನಾದರೂ ಬದಲಿಸಿದರೆ ‘ಇದನ್ನ ಇನ್ನೊಬ್ಬರಿಗೆ ಫೋನ್ ಮಾಡಿ ಹೇಳ್ತೀರೇನ್ರಿ?’ ಎಂದು ಬಾಗಿಲಲ್ಲೇ ನಿಂತು ಕೇಳಿದೆ. ಒಬ್ಬಿಬ್ಬರಿಗೆ ಕಿರಿಕಿರಿಯಾಯಿತು. ಆಗಲಿ ಎಂದುಕೊಂಡೆ. ರಮಜಾನ್ ಬರುವ ಮುಂಚೆಯೂ ಹೋಗಿ ಕೇಳಿದೆ. ಪ್ರಮಾಣ ಇನ್ನೂ ನೆಲೆ ನಿಂತಿಲ್ಲ, ಈ ವರ್ಷ ರೋಜಾ ಬೇಡ ಎಂದರು. ಅದೊಂದು ಮಾತು ಮಾತ್ರ ನನ್ನನ್ನು ಬಹಳ ನೋಯಿಸಿತು. ಮನೆಯವರೆಲ್ಲ ಹಸಿದಿರುವಾಗ ನಾನೊಬ್ಬ ತಾಟಿನ ಮುಂದೆ ಕೂರಬೇಕಲ್ಲ. ಮಸೀದಿಯ ಹಿರಿಯರನ್ನು ಕೇಳಿದೆ. ಜಡ್ಡಿದ್ದವನಿಗೆ ಬಿಡುವು ಕೊಟ್ಟವನು ಮೇಲಿನವನೇ, ಹಸಿದ ಒಬ್ಬರಿಗೆ ದಿನಾ ಊಟ ಹಾಕು ಎಂದರು. ಶಮೀಮ ದಿನಾ ಮಧ್ಯಾಹ್ನ ನನ್ನ ತಾಟಿನ ಪಕ್ಕ ಹಸಿದವರೊಬ್ಬರಿಗೆಂದು ಡಬ್ಬಿ ಕಟ್ಟಿಟ್ಟಳು.

ನಿಧಾನವಾಗಿ ಎಲ್ಲ ನೆಲೆಗೆ ಬಂತು. ಪರೀಕ್ಷೆಯಿಂದ ಪರೀಕ್ಷೆಗೆ ಲೆಕ್ಕ ಏರುಪೇರಾಗುವುದು ನಿಂತಿತು. ದನಿ ಪೂರ್ತಿ ಮೊದಲಿನಂತಾಗಿಲ್ಲ, ಸಂಜೆಯ ಹೊತ್ತಿಗೆ ಸ್ವಲ್ಪ ಗೊಗ್ಗರಾಗುತ್ತದೆ. ಆದರೆ ಗುಹೆ ತುಂಬುತ್ತದೆ.

ಇಷ್ಟಾದರೂ ಇಳಕಲ್‌ನವರಿಗೆ ನಿಜ ಸಂಗತಿ ಗೊತ್ತಿರಲಿಲ್ಲ. ಅಲ್ಲಿಯದೇ ಒಂದು ಮನೆಯಿಂದ ಆಯೇಷಾಳನ್ನು ಕೇಳಿದ್ದರು. ಹುಡುಗ ಹುನಗುಂದದಲ್ಲಿ ಸರಕಾರಿ ಕೆಲಸದಲ್ಲಿದ್ದಾನೆ. ಅವನ ತಂದೆ ಖಾದರಸಾಬರು ಗ್ರಾನೈಟ್ ಪಾಲಿಶ್ ಮಾಡುವ ಕಾರಖಾನೆ ನಡೆಸುತ್ತಾರೆ. ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಅದೇ ಹೊತ್ತಿಗೆ ರಫೀಕನ ಮಗಳ ನಿಕಾಹ್ ಬಂತು. ಹೊರಡುವ ಮುನ್ನ ಶಮೀಮ ಗುಳಿಗೆಗಳನ್ನು ತನ್ನ ಚೀಲದ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಳು.

ರಫೀಕನ ಮನೆಯ ನೆಲ ಇಳಕಲ್‌ನ ಕೆಂಪು ಕಲ್ಲಿನದು, ಕನ್ನಡಿಯಂತೆ ಹೊಳೆಯುತ್ತದೆ. ಯಾರೋ ನೀರು ಚೆಲ್ಲಿದ್ದರು. ನಾನು ಜಾರಿ ಮಂಡಿಯೂರಿ ಬಿದ್ದೆ. ನೋಡ ನೋಡುತ್ತ ಮಂಡಿ ತೆಂಗಿನಕಾಯಿಯಷ್ಟು ಊದಿತು.

‘ದುಲ್ಹಾಭಾಯಿ, ಏಳಬ್ಯಾಡ್ರಿ,’ ಎಂದು ರಫೀಕ ಓಡಿ ಬಂದ. ಅಕ್ಕನ ಗಂಡನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡಿದ್ದವರು ಖಾದರಸಾಬರೇ. ‘ನಾ ಕರಕೊಂಡ ಹೋಗ್ತೇನಿ’ ಎಂದು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಹಿಂದೆ ಶಮೀಮ.

ದವಾಖಾನೆಯಲ್ಲಿ ಡಾಕ್ಟರು ಮಂಡಿ ಒತ್ತಿ ನೋಡಿದರು. ಅವರ ಮೇಜಿನ ಸುತ್ತ ಬೇರೆ ರೋಗಿಗಳೂ ನಿಂತಿದ್ದರು. ‘ಎಲುಬಿಗೆ ಏನೂ ಆಗಿಲ್ರಿ. ನೋವಿನ ಇಂಜೆಕ್ಷನ್ ಒಂದು ಮಾಡ್ತೇನಿ, ಗುಳಿಗಿ ಬರದ ಕೊಡ್ತೇನಿ. ಸಂಜಿ ನಿಕಾಹ್‌ದಾಗ ಓಡಾಡ್ತೀರಿ’ ಎಂದು ಸಿರಿಂಜಿಗೆ ಕೈ ಹಾಕಿದರು.

ರಕ್ತ ತೆಳುವಾಗಿರುವವನಿಗೆ ನೋವಿನ ಔಷಧಗಳಲ್ಲಿ ಬಹಳಷ್ಟು ಆಗಿಬರುವುದಿಲ್ಲ ಎಂದು ನನಗೆ ಗೊತ್ತು. ಖಾದರಸಾಬರು ನನ್ನ ಭುಜ ಹಿಡಿದುಕೊಂಡೇ ನಿಂತಿದ್ದರು. ಹೇಳಲೇಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಶಮೀಮಳ ದನಿ ಬಂತು.

‘ಡಾಕ್ಟರ್ ಸಾಹೇಬ್ರ, ತಡೀರಿ. ಇವರ ಎದಿಯಾಗ ಲೋಹದ ಕವಾಟ ಐತಿ. ರಕ್ತ ತೆಳು ಆಗೂ ಗುಳಿಗಿ ದಿನಾ ನಡದೈತಿ. ಥೈರಾಯ್ಡ್ ಗುಳಿಗಿನೂ ನಡದೈತಿ. ನೋವಿನ ಇಂಜೆಕ್ಷನ್ ಮಾಡಬ್ಯಾಡ್ರಿ.’

ಅವಳು ಪಿಸುಗುಟ್ಟಲಿಲ್ಲ. ಮೇಜಿನ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವಳ ಕೈ ಸೆರಗಿಗೂ ಹೋಗಲಿಲ್ಲ. ಚೀಲಕ್ಕೆ ಕೈ ಹಾಕಿ, ಸೀರೆಯ ಮಡಿಕೆಯಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಸಿರಿಂಜ್ ಕೆಳಗಿಟ್ಟರು. ‘ಚಲೋ ಹೇಳಿದ್ರಿ ಅಮ್ಮಾರ’ ಎಂದರು. ಮಂಡಿಗೆ ಮಂಜುಗಡ್ಡೆ ಇಡಿಸಿ, ಬಿಗಿಯಾಗಿ ಪಟ್ಟಿ ಕಟ್ಟಿ, ನನಗೆ ಒಗ್ಗುವಂಥ ಬೇರೆ ಗುಳಿಗೆ ಬರೆದು, ಆ ದಿನವೇ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಲ್ಯಾಬಿಗೂ ಖಾದರಸಾಬರೇ ಕರೆದುಕೊಂಡು ಹೋದರು. ವರದಿ ಚೆನ್ನಾಗಿಯೇ ಇತ್ತು. ಆದರೆ ಅವರು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಸಂಬಂಧ ಕೈ ತಪ್ಪಿತು ಎಂದು ನಾನು ಅಂದುಕೊಂಡೆ. ತಪ್ಪಲಿಲ್ಲ. ಆಯೇಷಾಳ ಓದು ಮುಗಿದ ಮೇಲೆ ಎಂದು ಈಗ ಎರಡೂ ಮನೆಯವರು ಒಪ್ಪಿದ್ದಾರೆ. ಆದರೆ ಅದು ಆಮೇಲಿನ ಮಾತು. ಅಂದು ಕಾರಿನಲ್ಲಿ ನಮಗೆ ಅದು ಗೊತ್ತಿರಲಿಲ್ಲ.

ರಫೀಕನ ಓಣಿ ಹತ್ತಿರ ಬಂದಾಗ ಖಾದರಸಾಬರು ವೇಗ ಕಡಿಮೆ ಮಾಡಿದರು. ರಸ್ತೆಯ ಮೇಲೆ ಕಣ್ಣಿಟ್ಟೇ ಮೆಲ್ಲಗೆ ಕೇಳಿದರು.

‘ನಮ್ಮ ಮನಿಯಾಕಿಗೂ ಥೈರಾಯ್ಡ್ ಐತ್ರಿ. ಯಾರಿಗೂ ಹೇಳಿಲ್ಲ. ದಿನಾ ಮುಂಜಾನೆ ಅದನ್ನೂ, ಕಬ್ಬಿಣದ ಗುಳಿಗಿನೂ ಕೂಡಿಸಿ ಚಾ ಜೋಡಿ ನುಂಗ್ತಾಳ. ಎಷ್ಟ ನುಂಗಿದ್ರೂ ಗುಣ ಇಲ್ಲ, ಡೋಸ್ ಏರಸಕೋತ ಹೊಂಟಾರ. ಹಂಗ ನುಂಗಬಾರದೇನ್ರಿ?’

‘ಗಾಡಿ ನಿಂದರಿಸ್ರಿ’ ಎಂದೆ. ಅವರು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ನಾನು ಹೇಳಲು ಶುರು ಮಾಡುವ ಮೊದಲೇ ಶಮೀಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ‘ಅಣ್ಣಾರ, ಮೊದಲ ಚಾ ಬಿಡಿಸ್ರಿ’ ಎಂದು ಹೇಳತೊಡಗಿದ್ದಳು.